ಶನಿವಾರದ ಬೀಗದ ಕೈ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಒಗ್ಗರಣೆ ಸೌಟು ತೂಗುಹಾಕುವ ಮೊಳೆಯ ಪಕ್ಕದ ಮೊಳೆಗೆ, ಹಸಿರು ಉಲ್ಲನ್ ದಾರ ಕಟ್ಟಿದ ಬೀಗದ ಕೈಯೊಂದು ನೇತಾಡುತ್ತಿರುತ್ತದೆ. ಅದು ನಮ್ಮ ಮನೆಯದಲ್ಲ, ಎದುರು ಮನೆಯ ಮಿರಿಯಂ ಅವರದು. ದಿನಾ ಒಗ್ಗರಣೆಯ ಹೊಗೆ ತಾಗಿ ತಾಗಿ ದಾರಕ್ಕೆ ಇಂಗಿನ ವಾಸನೆ ಹತ್ತಿಬಿಟ್ಟಿದೆ. ಮನೆಗೆ ಬಂದವರು ಕಾಫಿ ಕುಡಿಯುತ್ತಾ "ಇದ್ಯಾವ್ದ್ರೀ ಇದು ಕೀ, ಗ್ಯಾರೇಜಿಂದಾ?" ಎಂದು ಕೇಳುತ್ತಾರೆ. ನಾನು "ಹೂಂ" ಎಂದು ಸುಮ್ಮನಾಗುತ್ತೇನೆ. ನಿಜ ಹೇಳಲು ಹೊರಟರೆ ನಾನೆಂಥ ಪುಕ್ಕಲಿ ಎಂಬಲ್ಲಿಂದ ಶುರುಮಾಡಬೇಕು. ಅಷ್ಟರಲ್ಲಿ ಅವರ ಕಾಫಿ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು. ನಿಮ್ಮ ಕೈಯಲ್ಲಿ ಲೋಟ ಕಾಣುತ್ತಿಲ್ಲ.

ಪುಕ್ಕಲುತನ ನನಗೆ ಅಪ್ಪನಿಂದ ಬಂದ ಆಸ್ತಿ. ಮೈಸೂರಿನ ನಮ್ಮ ಮನೆಗೆ ಬೀಗ ಹಾಕುವುದೆಂದರೆ ಅಪ್ಪನಿಗೆ ಅದೊಂದು ವ್ರತ. ಬೀಗದ ಕೈ ತಿರುಗಿಸಿ, ಬೀಗವನ್ನು ಜಗ್ಗಿ, ಆಮೇಲೆ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಜೋತುಬಿದ್ದು ನೋಡುವರು. ಗೇಟಿನವರೆಗೆ ಹೋಗಿ, ಮತ್ತೆ ಬಂದು ಇನ್ನೊಮ್ಮೆ ಜೋತುಬೀಳುವರು. "ಇನ್ನೊಂದ್ಸಲ ನೇತಾಡಿದ್ರೆ ಬಾಗಿಲೇ ಕಿತ್ತು ಕೈಗೆ ಬರತ್ತೆ ನೋಡಿ" ಎಂದು ಅಮ್ಮ ರಸ್ತೆಯಲ್ಲಿ ನಿಂತು ಗೊಣಗುವರು. ಒಮ್ಮೆ ನಂಜನಗೂಡಿಗೆ ನಾಮಕರಣಕ್ಕೆ ಹೊರಟವರು ಬಸ್ಸಿನಲ್ಲಿ ಸೀಟು ಹಿಡಿದು ಕೂತಾಗಿತ್ತು. ಡ್ರೈವರ್ ಬೀಡಿ ಆರಿಸಿ ಹತ್ತಿದ. ಅಪ್ಪ ಎದ್ದುನಿಂತು, "ಹಿತ್ತಲ ಬಾಗ್ಲು ಅಗುಳಿ ಹಾಕಿದ್ನಾ?" ಎಂದರು. ನಾವು ನಂಜನಗೂಡು ತಲುಪಿದಾಗ ಮಗುವಿಗೆ ಹೆಸರಿಟ್ಟು, ಉಂಡು, ಎಲೆ ತೆಗೆದಾಗಿತ್ತು. ನಮ್ಮ ಪಾಲಿಗೆ ಪಾತ್ರೆಯ ತಳದ ಚಿತ್ರಾನ್ನ ಉಳಿದಿತ್ತು. ಅಗುಳಿ? ಅದು ಹಾಕಿಯೇ ಇತ್ತು.

ಇದಕ್ಕೆ ಎದುರುಪಕ್ಷ ನಮ್ಮಜ್ಜಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಬೇಕು, ಮುಂಬಾಗಿಲು ಹಾರುಹೊಡೆದಿರಬೇಕು, ಇಲ್ಲದಿದ್ದರೆ ಲಕ್ಷ್ಮಿ ಬಂದು ಹಾಗೇ ಹಿಂದಿರುಗುತ್ತಾಳೆ ಎಂಬುದು ಅವರ ಶಾಸ್ತ್ರ. ಅಪ್ಪ ಕದದ ಕಡೆ ಕೈ ಚಾಚಿದರೆ ಸಾಕು, ಒಳಗಿನಿಂದಲೇ "ಲಕ್ಷ್ಮಿ ಬರೋ ಹೊತ್ನಲ್ಲಿ ಕದ ಹಾಕ್ತೀಯೇನೋ, ದರಿದ್ರ ಮುಂಡೇದೇ" ಎಂದು ಕೂಗು ಬರುತ್ತಿತ್ತು. ಹಾಗಾಗಿ ದಿನಾ ಸಂಜೆ ನಮ್ಮ ಮನೆಯ ತೆರೆದ ಬಾಗಿಲಲ್ಲಿ ಅಪ್ಪ ಬೆತ್ತದ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಅಡ್ಡಲಾಗಿ ಕೊಡೆ ಇಟ್ಟುಕೊಂಡು ಕೂತಿರುತ್ತಿದ್ದರು. ಲಕ್ಷ್ಮಿಯೂ ಬರಬೇಕು, ಕಳ್ಳನೂ ಬರಬಾರದು.

ನಾನು ಅಮೆರಿಕದ ಈ ಓವರ್‌ಲೇಕ್‌ಗೆ ಬಂದ ಹೊಸತರಲ್ಲಿ ಅಜ್ಜಿಯ ಮಾತಿಗೆ ಕಟ್ಟುಬಿದ್ದು, ಒಂದು ಸಂಜೆ ದೀಪ ಹಚ್ಚಿ ಮುಂಬಾಗಿಲು ತೆರೆದಿಟ್ಟೆ. ಬಂದದ್ದು ಒಂದು ರಕೂನ್. ನಮ್ಮ ಕಡೆಯ ಪುನುಗುಬೆಕ್ಕಿನ ಗಾತ್ರದ, ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡ ಕಳ್ಳನಂತೆ ಕಾಣುವ ಪ್ರಾಣಿ. ನಾನು ಕಿರುಚಿದ ರಭಸಕ್ಕೆ ಅದೇ ಹೆದರಿ, ನಮ್ಮವರ ಚಪ್ಪಲಿಯೊಂದನ್ನು ಕಚ್ಚಿಕೊಂಡು ಓಡಿತು. ಅಂದಿನಿಂದ ನಮ್ಮ ಮನೆಗೆ ಲಕ್ಷ್ಮಿ ಗ್ಯಾರೇಜಿನ ಮೂಲಕವೇ ಬರಬೇಕಾಯಿತು.

ಇಂಥ ನನ್ನ ಮನೆಯ ಎದುರಿಗೆ ಮಿರಿಯಂ ಮತ್ತು ನೇಥನ್ ಅವರ ಮನೆ. ಎಪ್ಪತ್ತರ ಆಸುಪಾಸಿನ ಗಂಡಹೆಂಡಿರು. ಆಕೆ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು, ಆತ ಹಲ್ಲಿನ ಡಾಕ್ಟರಾಗಿದ್ದವರು. ಯಹೂದಿಗಳು, ಅದರಲ್ಲೂ ಕಟ್ಟುನಿಟ್ಟಿನವರು. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಕಾರು ಮುಟ್ಟುವುದಿಲ್ಲ, ಫೋನ್ ಮುಟ್ಟುವುದಿಲ್ಲ, ಸ್ವಿಚ್ಚು ಒತ್ತುವುದಿಲ್ಲ. ಬೀದಿಯಲ್ಲಿ ಕೈಯಲ್ಲಾಗಲಿ ಜೇಬಿನಲ್ಲಾಗಲಿ ಏನನ್ನೂ ಒಯ್ಯುವುದಿಲ್ಲ. ಒಂದು ಕರ್ಚೀಫೂ ಇಲ್ಲ, ಬೀಗದ ಕೈಯೂ ಇಲ್ಲ. ನಮ್ಮಜ್ಜಿಯ ಮಡಿ ನೋಡಿ ಬೆಳೆದ ನನಗೆ ಇದೆಲ್ಲ ಅರೆಕ್ಷಣದಲ್ಲಿ ಅರ್ಥವಾಯಿತು. ಅರಗಿಸಿಕೊಳ್ಳಲಾಗದ್ದು ಒಂದೇ: ಬೀಗದ ಕೈ ಒಯ್ಯುವಂತಿಲ್ಲವಾದ್ದರಿಂದ ಅವರು ಪ್ರತಿ ಶನಿವಾರ ಮನೆಗೆ ಬೀಗವನ್ನೇ ಹಾಕದೆ ಪ್ರಾರ್ಥನೆಗೆ ನಡೆದುಹೋಗುತ್ತಿದ್ದರು. ಬಾಗಿಲು ಸುಮ್ಮನೆ ಮುಂದೆ ಎಳೆದಿರುತ್ತಿತ್ತು. ಊಟಕ್ಕೆ ಬರುವ ಅತಿಥಿಗಳು ಕರೆಗಂಟೆಯನ್ನೂ ಒತ್ತುವಂತಿಲ್ಲವಲ್ಲ, ತಳ್ಳಿಕೊಂಡು ಒಳಗೆ ಬರುತ್ತಿದ್ದರು. ಎದುರು ಮನೆಯ ಬೀಗವಿಲ್ಲದ ಬಾಗಿಲನ್ನು ನೋಡುತ್ತಾ ನಾನು ಇಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ, ನಾರನ್ನು ಪಾತ್ರೆಗೂ ಕಾಯನ್ನು ಕಸಕ್ಕೂ ಹಾಕುತ್ತಾ.

ಗುರುವಾರ ಬೆಳಿಗ್ಗೆ ನಾನೂ ಮಿರಿಯಂ ಅವರೂ ವಾಕಿಂಗ್ ಹೋಗುತ್ತೇವೆ. ಅವರ ಧರ್ಮಗ್ರಂಥ ತೋರಾವನ್ನು ವಾರಕ್ಕೊಂದು ಭಾಗದಂತೆ ಓದಿ ಒಂದು ವರ್ಷಕ್ಕೆ ಮುಗಿಸುತ್ತಾರಂತೆ. ಮುಗಿಸಿದ ದಿನವೇ ಮತ್ತೆ ಮೊದಲ ಪುಟ. ಆ ವಾರದ ಭಾಗ ಯಾವುದೋ ಅದನ್ನು ಮಿರಿಯಂ ವಾಕಿಂಗ್‌ನಲ್ಲಿ ನನಗೆ ಹೇಳುತ್ತಾರೆ. ಹೇಳುವುದು ಇಂಗ್ಲಿಷಿನಲ್ಲೇ. ಆದರೆ ನನ್ನ ಕಿವಿಗೆ ಯಾಕೋ ಅದು ಹರಿಕಥೆ ದಾಸರ ಕನ್ನಡದಲ್ಲೇ ಕೇಳಿಸುತ್ತದೆ, ಹಾಗೆಯೇ ಬರೆಯುತ್ತಿದ್ದೇನೆ. ಕಥೆ ಮುಗಿಸಿ, ಒಂದು ನಿಮಿಷ ನಿಂತು, "ಸರಿ ಜಾನಕಿ, ಇದು ನಮ್ಮ ಬೀದಿಗೆ ಏನು ಹೇಳತ್ತೆ?" ಎನ್ನುತ್ತಾರೆ. ಅದು ಅವರ ಅಭ್ಯಾಸ. ಹೊಲದ ಅಂಚಿನ ಬೆಳೆಯನ್ನು ಕೊಯ್ಯದೆ ಬಡವರಿಗೆ ಬಿಡು ಎಂಬ ಪಾಠ ಬಂದ ವಾರದಿಂದ ಅವರ ಪ್ಲಮ್ ಮರದ ಬೀದಿ ಕಡೆಯ ಕೊಂಬೆಗಳನ್ನು ಯಾರೂ ಮುಟ್ಟುವಂತಿಲ್ಲ, ಹೋಗಿಬರುವವರಿಗೆ ಅದು. ನೇಥನ್ ಅವರೇ ಕದ್ದು ಕೀಳುತ್ತಾರೆ, "ನಾನೂ ಬೀದಿಯಲ್ಲೇ ನಿಂತಿದೀನಲ್ಲ" ಎನ್ನುತ್ತಾ.

ಬೇಸಿಗೆ ಮುಗಿಯುವಾಗ ಬರುವ ಪಾಠವೊಂದು ನನಗೆ ಬಲು ಇಷ್ಟ. ಹೊಸ ಮನೆ ಕಟ್ಟಿದರೆ ತಾರಸಿಗೆ ಕೈಗೋಡೆ ಕಟ್ಟು, ಯಾರಾದರೂ ಬಿದ್ದಾರು, ಆ ರಕ್ತ ನಿನ್ನ ಮನೆಯ ಮೇಲೆ ಬೇಡ ಎನ್ನುತ್ತದಂತೆ. ಅದನ್ನು ಕೇಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಟ್ಟಿದಂದಿನಿಂದ ಎಲ್ಲರೂ ಆಡಿಕೊಂಡ ನನ್ನ ಹೆದರಿಕೆಯನ್ನು ಒಂದು ದೇವರು ಶಾಸ್ತ್ರವನ್ನಾಗಿಯೇ ಬರೆಸಿಟ್ಟಿದ್ದಾನಲ್ಲ! ಸಂಜೆ ನಮ್ಮವರಿಗೆ ಹೇಳಿದೆ. "ಸದ್ಯ, ನಿನಗೊಂದು ಮತ ಸಿಕ್ತು" ಎಂದು ಅವರು ಟೀವಿ ಕಡೆ ತಿರುಗಿದರು.

ಆದರೆ ತಮಾಷೆಗೆ ಜಾಗವಿಲ್ಲದ ಹೆದರಿಕೆಗಳೂ ಆಗ ಸುಳಿದಾಡುತ್ತಿದ್ದವು. ಅದಕ್ಕೂ ಹಿಂದಿನ ವರ್ಷ, ಬೇರೊಂದು ರಾಜ್ಯದಲ್ಲಿ ನಮ್ಮ ಕಡೆಯ ಎಂಜಿನಿಯರ್ ಒಬ್ಬನನ್ನು, ನಿನ್ನ ದೇಶಕ್ಕೆ ಹೋಗು ಎಂದು ಕೂಗಿ ಗುಂಡಿಟ್ಟು ಕೊಂದಿದ್ದರು. ವಾಟ್ಸ್ಆ್ಯಪ್ ತುಂಬ ಬುದ್ಧಿವಾದ: ಹೊರಗೆ ಜೋರಾಗಿ ನಮ್ಮ ಭಾಷೆ ಆಡಬೇಡಿ, ಯಾರೊಡನೆಯೂ ಎದುರುತ್ತರ ಕೊಡಬೇಡಿ. ನಾನು ಎಷ್ಟೋ ದಿನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪನ್ನೂ ಪಿಸುಮಾತಿನಲ್ಲೇ ಆರಿಸಿದೆ. ಮಗಳು ಮೇಘನಾ "ಅಮ್ಮಾ, ವೈ ಆರ್ ಯು ವಿಸ್ಪರಿಂಗ್ ಟು ದ ಟೊಮೇಟೋಸ್?" ಎಂದು ನಗುತ್ತಿದ್ದಳು. ಅವಳು ನಗುವುದು ಕೂಡ ಸ್ವಲ್ಪ ಮೆಲ್ಲಗಿರಲಿ ಎನಿಸುತ್ತಿತ್ತು.

ಆಮೇಲೆ ಆ ಶನಿವಾರ ಬಂತು. ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿ ಫೋನ್ ನೋಡಿದರೆ, ದೂರದ ಊರೊಂದರ ಸಿನಗಾಗಿನಲ್ಲಿ, ಅಂದರೆ ಇವರ ಪ್ರಾರ್ಥನಾ ಮಂದಿರದಲ್ಲಿ, ಪ್ರಾರ್ಥನೆಗೆ ಕೂತವರ ಮೇಲೆ ಒಬ್ಬ ಗುಂಡು ಹಾರಿಸಿದ ಸುದ್ದಿ. ಕೊಲೆಯಾದವರಲ್ಲಿ ಹೆಚ್ಚಿನವರು ವಯಸ್ಸಾದವರು. ನಾನು ಕಿಟಕಿಗೆ ಓಡಿದೆ. ಎದುರು ಮನೆಯ ಬಾಗಿಲು ಎಂದಿನಂತೆ ಬರೀ ಮುಂದೆ ಎಳೆದಿತ್ತು. ಅವರಿಬ್ಬರೂ ಆಗಲೇ ಹೊರಟುಹೋಗಿದ್ದರು, ಫೋನಿಲ್ಲದೆ.

ಮಧ್ಯಾಹ್ನ ಮಳೆಯಂಗಿ ಹಾಕಿಕೊಂಡು ಮೂಲೆ ತಿರುಗಿ ಬಂದರು. ನಗುನಗುತ್ತಾ ಬಂದರು. ಅವರಿಗೇನೂ ಗೊತ್ತಿರಲಿಲ್ಲ. "ಶಬಾತ್ ಶಲೋಮ್, ಜಾನಕಿ!" ಎಂದು ವಿಶ್ರಾಂತಿಯ ದಿನದ ಶುಭ ಕೋರಿ, ಮಿರಿಯಂ ನಮ್ಮ ಮೆಟ್ಟಿಲ ಬಳಿ ನಿಂತು, ಗುರುವಾರ ತಪ್ಪಿಹೋಗಿದ್ದ ಆ ವಾರದ ಪಾಠ ಹೇಳಿದರು. ಅಬ್ರಹಾಮ ಉರಿಬಿಸಿಲಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಗುರುತಿಲ್ಲದ ಮೂವರು ಕಾಣಿಸುತ್ತಾರೆ. ಯಾರು, ಎಲ್ಲಿಂದ ಎಂದು ಕೇಳದೆ ಓಡಿಹೋಗಿ ಕರೆತರುತ್ತಾನೆ. "ಅವನ ಗುಡಾರಕ್ಕೆ ನಾಲ್ಕೂ ಕಡೆ ಬಾಗಿಲಿತ್ತಂತೆ. ಯಾವ ದಿಕ್ಕಿಂದ ಬಂದವನಿಗೂ ಸುತ್ತು ಹಾಕೋ ಕಷ್ಟ ಬೇಡ ಅಂತ" ಎಂದರು. ಸುದ್ದಿ ಹೇಳಿದರೆ ಅವರು ಬೇರೆ ಊರಿನಲ್ಲಿರುವ ಮಗನಿಗೆ ಫೋನ್ ಮಾಡಲೂ ಆಗದೆ ಸಂಜೆಯವರೆಗೆ ಒದ್ದಾಡಬೇಕು. ನಾನು ನಕ್ಕು ತಲೆಯಾಡಿಸಿದೆ. ಕತ್ತಲಾದ ಮೇಲೆ ಅವರ ಅಡುಗೆಮನೆಯ ದೀಪ ಹತ್ತಿತು. ಮಿರಿಯಂ ಫೋನ್ ಕಿವಿಗಿಟ್ಟುಕೊಂಡು ನಿಂತವರು ಮೆಲ್ಲಗೆ ಕುರ್ಚಿಯ ಮೇಲೆ ಕೂತದ್ದು ನನಗೆ ಇಲ್ಲಿಂದ ಕಾಣಿಸಿತು.

ಆ ಗುರುವಾರ ವಾಕಿಂಗ್‌ನಲ್ಲಿ ಪಾಠವೇ ಬರಲಿಲ್ಲ. ನಾನೇ ಬಾಯಿಬಿಟ್ಟೆ.

"ಈ ಶನಿವಾರ ಬಾಗಿಲಿಗೆ ಬೀಗ ಹಾಕ್ತೀರ ತಾನೇ?"

"ಇಲ್ಲ."

"ನಿಮ್ಮ ಪುಸ್ತಕಾನೇ ಕೈಗೋಡೆ ಕಟ್ಟು ಅಂತ ಹೇಳಿದೆ."

ಮಿರಿಯಂ ನಿಂತರು. "ನೋಡಪ್ಪಾ, ಶಿಷ್ಯೆ ನನಗೇ ತಿರುಗಿಸಿ ಹೊಡೀತಾಳೆ" ಎಂದು ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. "ಅದು ಬೀಳೋರಿಗೆ, ಜಾನಕಿ. ಬರೋರಿಗೆ ಗುಡಾರದ ಪಾಠ. ನಮ್ಮ ಮಗ ಬೀಗದ ಕೈಯನ್ನೇ ಬೆಲ್ಟಿನ ಕೊಕ್ಕೆ ಮಾಡಿಸಿ ಕಳಿಸ್ತೀನಿ ಅಂತಿದಾನೆ. ತೊಟ್ಟುಕೊಂಡ್ರೆ ಒಯ್ದಹಾಗಲ್ಲ, ತಪ್ಪಿಲ್ಲ ಅದರಲ್ಲಿ. ಆದ್ರೆ ಇಷ್ಟು ವರ್ಷ ತೆಗೆದಿದ್ದ ಬಾಗಿಲನ್ನ ಆ ಗುಂಡು ಹೊಡೆದ ಮನುಷ್ಯ ಹಾಕಿಸಿದ ಅಂತಾಗಬಾರದು ನೋಡು."

ಮಾತೇನೋ ಸರಿಯಾಗಿಯೇ ಇತ್ತು. ಹೆದರಿಕೆಗೆ ಕಿವಿಯಿರಲಿಲ್ಲ.

ಶನಿವಾರ ಅವರು ಹೊರಟರು. ಮಳೆ. ಬೀದಿಯಲ್ಲಿ ಪೊಲೀಸರ ಗಸ್ತು ಕಾರು ಒಮ್ಮೆ ನಿಧಾನಕ್ಕೆ ಹಾದುಹೋಯಿತು. ಅದನ್ನು ನೋಡಿ ಸಮಾಧಾನವಾಗುವ ಬದಲು ದಿಗಿಲೇ ಹೆಚ್ಚಿತು; ಕಾರಣವಿಲ್ಲದೆ ಬರುತ್ತಾರೆಯೇ? ಟೋಪಿ ಹಾಕಿದವನೊಬ್ಬ ಎದುರು ಮನೆಯ ಮುಂದೆ ನಿಂತು ಫೋನ್ ನೋಡಿಕೊಂಡು ಹೋದ. ಗಾಳಿಗೆ ಆ ಬಾಗಿಲು ತುಸು ಒಳಕ್ಕೆ ಸರಿಯಿತು. ನಾನು ಚಪ್ಪಲಿ ಮೆಟ್ಟಿ, ಬೀದಿ ದಾಟಿ, ಬಾಗಿಲ ಗುಬುಟಿನ ಒಳಗಡೆಯ ಗುಂಡಿ ಒತ್ತಿ, ಕದ ಎಳೆದುಬಿಟ್ಟೆ. ಕ್ಲಿಕ್ ಎಂದಿತು. ಆಮೇಲೆ, ಯಾರೂ ನೋಡದಿರಲಿ, ಅಪ್ಪನ ಹಾಗೆ ಅದಕ್ಕೆ ಜೋತುಬಿದ್ದು ನೋಡಿದೆ. ಗಟ್ಟಿಯಾಗಿತ್ತು. ಅವರು ಬಂದಾಗ ಮತ್ತೆ ತೆಗೆಯುವುದು ಹೇಗೆ ಎಂಬ ಯೋಚನೆ, ನಂಬಿದರೆ ನಂಬಿ, ಸಾರಿಗೆ ಬೇಳೆ ಹಾಕುವವರೆಗೂ ಬರಲಿಲ್ಲ.

ಬಂದಾಗ ಅವರಿಬ್ಬರೂ ಬಾಗಿಲ ಮುಂದೆ ನಿಂತು ತಳ್ಳುತ್ತಿದ್ದರು. ನಾನು ಸೌಟು ಹಿಡಿದುಕೊಂಡೇ ಓಡಿದೆ.

"ನಾನೇ. ನಾನೇ ಹಾಕಿದ್ದು. ಹೆದರಿಕೆ ಆಯ್ತು."

ನೇಥನ್ ಬೀಗದ ಕಿಂಡಿಗೆ ಮೂಗಿಟ್ಟು ಉಸಿರೆಳೆದರು. ಒಳಗೆ ಹಾಟ್‌ಪ್ಲೇಟಿನ ಮೇಲೆ ಶುಕ್ರವಾರ ಮಧ್ಯಾಹ್ನದಿಂದ ಕಾಳು ಗೆಡ್ಡೆಗಳ ಹುಳಿಯಂಥದ್ದು ಬೇಯುತ್ತಿತ್ತು. "ಚೆನ್ನಾಗಿ ಬೆಂದಿದೆ" ಎಂದರು ದುಃಖದಿಂದ. "ಇವತ್ತು ಮೂಗಿಗೆ ಮಾತ್ರ ಊಟ."

ಬೇರೆ ಬೀಗದ ಕೈ ಯಾರ ಬಳಿಯೂ ಇಲ್ಲ. ಬೀಗದವನನ್ನು ಕರೆಸಿ ಎಂದು ಆ ದಿನ ಅವರು ಇನ್ನೊಬ್ಬರನ್ನೂ ಕೇಳುವಂತಿಲ್ಲ. ನಾನೇ ಕರೆಸುತ್ತೇನೆಂದರೆ ಮಿರಿಯಂ ಬೇಡ, ಕತ್ತಲಾಗಲಿ ಎಂದರು. ಗುರುತಿಲ್ಲದ ಗಂಡಸೊಬ್ಬ ಆ ವಾರ ಆ ಮನೆಯ ಬಾಗಿಲು ಒಡೆಯುವುದು ನನಗೂ ಬೇಡವಾಗಿತ್ತು. ಇಬ್ಬರನ್ನೂ ನಮ್ಮ ಮನೆಗೆ ಕರೆತಂದು ಕೂರಿಸಿದೆ. ನಮ್ಮ ಅಡುಗೆ ಅವರಿಗೆ ಸಲ್ಲದು. ಸಿಪ್ಪೆ ಸುಲಿಯದ ಬಾಳೆಹಣ್ಣು, ಗಾಜಿನ ಲೋಟದಲ್ಲಿ ತಣ್ಣೀರು, ಅಷ್ಟೇ. ಕಾಶಿಗೆ ಹೋಗುವಾಗ ರೈಲಿನಲ್ಲಿ ತಂಬಿಗೆ ನೀರೂ ಬಾಳೆಹಣ್ಣೂ ಬಿಟ್ಟು ಏನೂ ಮುಟ್ಟದ ನಮ್ಮಜ್ಜಿಯೇ ಸೋಫಾದ ಮೇಲೆ ಬಂದು ಕೂತಂತಿತ್ತು.

"ಅಮ್ಮಾ, ಯು ಲಾಕ್ಡ್ ದೆಮ್ ಔಟ್? ಆಫ್ ದೇರ್ ಓನ್ ಹೌಸ್?" ಮೇಘನಾ ಮಹಡಿಯಿಂದ ಇಳಿದವಳೇ ಬಾಯಿಮೇಲೆ ಕೈಯಿಟ್ಟುಕೊಂಡಳು. ಅಷ್ಟು ಹೊತ್ತಿಗೆ ನಮ್ಮವರು ಕಾಣಿಸಲಿಲ್ಲ. "ಅಪ್ಪ? ಹಿ ವೆಂಟ್ ಟು ಟ್ರೈ ದೇರ್ ಕಿಚನ್ ವಿಂಡೋ" ಎಂದಳು.

ಕಿಟಕಿಗೆ ಹೋಗಿ ನೋಡಿದೆ. ಎದುರು ಮನೆಯ ಪಕ್ಕದ ಓಣಿಯಲ್ಲಿ ನಮ್ಮವರು, ಕಪ್ಪು ಜಾಕೆಟ್ಟಿನ ಟೋಪಿ ತಲೆಯ ಮೇಲೆಳೆದುಕೊಂಡು, ನನ್ನ ದೋಸೆ ಮಗುಚೋ ಕೈಯನ್ನು ಕಿಟಕಿಯ ಸಂದಿಗೆ ತೂರಿಸಿ ಮೀಟುತ್ತಿದ್ದಾರೆ. ಆ ಕಡೆಯಿಂದ ಗಸ್ತು ಕಾರು ಬರುತ್ತಿದೆ.

ಕಾರು ನಿಂತಿತು.

ಆ ವಾರ, ಆ ಮನೆ, ಕಬ್ಬಿಣದ ಸಾಮಾನು ಹಿಡಿದ ಒಬ್ಬ ಕಂದುಬಣ್ಣದ ಗಂಡಸು. "ಕೈಲಿರೋದನ್ನ ಕೆಳಗೆ ಹಾಕಿ! ಕೈ ಕಾಣೋ ಹಾಗಿಡಿ!" ಎಂಬ ಕೂಗು ಗಾಜಿನ ಈಚೆಗೂ ಕೇಳಿಸಿತು. ದೋಸೆ ಮಗುಚೋ ಕೈ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಜೀವಮಾನವಿಡೀ ಬೇಡದ ಜಾಗದಲ್ಲೆಲ್ಲ ಹೆದರಿ ಹೆದರಿ, ನಿಜವಾಗಿ ಬೇಕಾದ ಹೊತ್ತಿಗೆ ನನ್ನ ಹತ್ತಿರ ಒಂದು ಕೂಗೂ ಉಳಿದಿರಲಿಲ್ಲ.

ನನ್ನ ಪಕ್ಕದಿಂದ ಯಾರೋ ಹಾದುಹೋದರು. ಮಿರಿಯಂ. ಮಳೆಯಂಗಿಯಿಲ್ಲದೆ, ಎರಡೂ ಖಾಲಿ ಕೈಗಳನ್ನು ಅಗಲಿಸಿಕೊಂಡು, ಬೀದಿಯ ನಡುವೆ ನಡೆಯುತ್ತಾ ಹೋಗಿ ಪೊಲೀಸಿನವನಿಗೂ ನಮ್ಮವರಿಗೂ ನಡುವೆ ನಿಂತುಬಿಟ್ಟರು. ಹಿಂದಿನಿಂದ ನೇಥನ್.

"ಇದು ನನ್ನ ಮನೆ. ಅವರು ನನ್ನ ನೆರೆಯವರು."

"ಬೀಗ ಹಾಕಿದ್ದೂ ಇವರ ಮನೆಯವರೇ, ಒಡೆಯೋಕೆ ಬಂದೋರೂ ಇವರೇ, ಆಫೀಸರ್" ಎಂದರು ನೇಥನ್. "ನಮಗೆ ಬೇರೆ ಕಳ್ಳರು ಬೇಕಾಗಿಲ್ಲ."

ಪೊಲೀಸಿನವನು ಚಿಕ್ಕ ವಯಸ್ಸಿನವನು. ನೆಲದ ಮೇಲಿದ್ದುದನ್ನು ಬಗ್ಗಿ ಎತ್ತಿ, ತಿರುಗಿಸಿ ನೋಡಿ, "ಇದೇನು ಸರ್?" ಎಂದು ಕೇಳಿದ. "ಫಾರ್ ದೋಸಾ" ಎಂದರು ನಮ್ಮವರು, ಕೈ ಇನ್ನೂ ಮೇಲಕ್ಕೇ ಇಟ್ಟುಕೊಂಡು. ಅವನು ಅದನ್ನು ಮರ್ಯಾದೆಯಿಂದ ಹಿಂದಿರುಗಿಸಿ, ಎಲ್ಲರೂ ಹುಷಾರಾಗಿರಿ ಎಂದು ಹೇಳಿ ಹೊರಟ. ಅವನ ಮುಖವೂ ಬಿಳಿಚಿಕೊಂಡಿತ್ತು.

ಒಳಗೆ ಬಂದ ಮೇಲೆ ನಮ್ಮವರು "ಏನಾಗಿಲ್ಲ, ಏನಾಗಿಲ್ಲ ಕಣೇ" ಎನ್ನುತ್ತಾ ಟೀವಿ ಮುಂದೆ ಕೂತರು. ಟೀವಿ ಹಾಕಲು ಮರೆತಿದ್ದರು. ನಾನು ಮಿರಿಯಂ ಅವರಿಗೆ ಟವೆಲ್ ಕೊಟ್ಟು ಇನ್ನೊಂದು ಲೋಟ ನೀರು ತಂದೆ. ಅವರು ಕುಡಿಯದೆ, ಲೋಟ ಹಿಡಿದುಕೊಂಡೇ ಕಿಟಕಿಯಿಂದ ತಮ್ಮ ಬಾಗಿಲನ್ನೂ ಬೀದಿ ಮೂಲೆಯನ್ನೂ ಮತ್ತೆ ಮತ್ತೆ ನೋಡಿದರು. ಅಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇವತ್ತು ಪ್ರತಿ ಮೂಲೆ ತಿರುಗುವಾಗಲೂ ಹಿಂದೆ ನೋಡಿದೀನಿ ಜಾನಕಿ" ಎಂದರು ಮೆಲ್ಲಗೆ, ನೇಥನ್ ಅವರಿಗೆ ಕೇಳಿಸದಂತೆ. "ಬಾಗಿಲು ತಳ್ಳಿದಾಗ ಬೀಗ ಬಿದ್ದಿತ್ತಲ್ಲ, ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಅಬ್ಬಾ, ಒಳಗೆ ಯಾರೂ ಇಲ್ಲ ಅನ್ನಿಸ್ತು. ಆ ನೆಮ್ಮದಿ ಇದೆಯಲ್ಲ, ಅದೇ ನನಗೆ ದಿಗಿಲು."

ನಾನು ಅವರ ಹೆಗಲ ಮೇಲೆ ಟವೆಲ್ ಸರಿಮಾಡಿದೆ. "ಈ ವಾರದ ಪಾಠ ಏನು?" ಎಂದು ಕೇಳಿದೆ.

ಅವರು ಲೋಟ ನೋಡಿದರು. ಪಾಠದ ಹೆಸರು ಸಾರಾಳ ಬದುಕು ಅಂತಂತೆ. ಶುರುವಾಗುವುದು ಮಾತ್ರ ಸಾರಾಳ ಸಾವಿನಿಂದ. ಅಬ್ರಹಾಮ ಹೆಂಡತಿಯನ್ನು ಮಣ್ಣು ಮಾಡುತ್ತಾನೆ. ಮಗನಿಗೆ ಹೆಣ್ಣು ನೋಡಲು ಆಳನ್ನು ಕಳಿಸುತ್ತಾನೆ. ದೂರದೂರಿನ ಬಾವಿಕಟ್ಟೆಯಲ್ಲಿ ಆ ಆಳು ಒಬ್ಬ ಹುಡುಗಿಯನ್ನು ನೀರು ಕೇಳುತ್ತಾನೆ. ಅವಳು ನೀರು ಕೊಟ್ಟು, ಕೇಳದಿದ್ದರೂ ಅವನ ಒಂಟೆಗಳಿಗೂ ಸೇದಿ ಸೇದಿ ಹಾಕುತ್ತಾಳೆ.

"ಒಂಟೆ ಇಲ್ಲೇ ಕೂತಿದೆ" ಎಂದರು ಆಚೆಯಿಂದ ನೇಥನ್. "ಇನ್ನೊಂದು ಬಾಳೆಹಣ್ಣೂ ತಿನ್ನತ್ತೆ."

ನಕ್ಕೆವು. "ಇದು ನಮ್ಮ ಬೀದಿಗೆ ಏನು ಹೇಳತ್ತೆ?" ಎಂದು ನಾನು ಕೇಳಿದೆ. ಮಿರಿಯಂ ಎದ್ದು ಒಂಟೆಗೆ ಇನ್ನೊಂದು ಬಾಳೆಹಣ್ಣು ಕೊಟ್ಟು ಬಂದರು. ಮೋಡ ಮುಸುಕಿ, ಕಟ್ಟಳೆ ಮುಗಿಯಿತೆಂದು ಹೇಳುವ ನಕ್ಷತ್ರಗಳು ಕಾಣದಿದ್ದರೂ ಹೊತ್ತು ಲೆಕ್ಕ ಹಾಕಿಕೊಂಡು, ಕತ್ತಲಾಯಿತು ಎಂದಾದ ಮೇಲೆ ನಮ್ಮ ಫೋನಿನಿಂದಲೇ ಬೀಗದವನನ್ನು ಕರೆಸಿದರು.

ಮುಂದಿನ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮಿರಿಯಂ ಬಂದು ಹಸಿರು ದಾರದ ಈ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ನಾವು ಹೋದ ಮೇಲೆ ಬಾಗಿಲು ಹಾಕು, ನಾವು ಬರುವುದು ಕಂಡಾಗ ತೆಗೆದಿಡು, ಬೇರೆ ಯಾರಾದರೂ ಮೊದಲೇ ಬಂದರೆ ನೀನೇ ಮಾತಾಡಿಸಿ ಒಳಗೆ ಕೂರಿಸು ಎಂದರು. "ಪಾಠದಲ್ಲಿ ಹೀಗಂತ ಎಲ್ಲೂ ಇಲ್ಲ" ಎಂದೂ ಸೇರಿಸಿದರು.

ಅಂದಿನಿಂದ ಶನಿವಾರದ ಮಧ್ಯಾಹ್ನ ನಾನು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ತೊಡೆಯ ಮೇಲೆ ಕೊಡೆಯಿಲ್ಲ, ಹುರುಳಿಕಾಯಿ ಇರುತ್ತದೆ. ಹೆದರಿಕೆ ಕಡಿಮೆಯಾಯಿತು ಎಂದುಕೊಂಡಿರಾ? ಇಲ್ಲ. ಮೊದಲು ಬಾಗಿಲಿಗೆ ಹೆದರುತ್ತಿದ್ದೆ, ಈಗ ಆ ಬೀದಿ ಮೂಲೆಗೆ ಹೆದರುತ್ತೇನೆ.

ಮೊನ್ನೆ ಶನಿವಾರ ಅವರು ಬರುವ ಹೊತ್ತಾದರೂ ಬರಲಿಲ್ಲ. ಹುರುಳಿಕಾಯಿ ಮುಗಿಯಿತು. ನಾನು ಫೋನ್ ತೆಗೆದು ಸುದ್ದಿ ನೋಡಿದೆ, ಇಟ್ಟೆ, ಮತ್ತೆ ನೋಡಿದೆ. ಸೈರನ್ ಕೇಳಿದಂತಾಯಿತು, ಕುಕ್ಕರು. ಹಬೆ ಕವಿದ ಗಾಜನ್ನು ಸೆರಗಿನಿಂದ ಒರೆಸಿದೆ. ಮೂಲೆ ಖಾಲಿ. ಒರೆಸಿದೆ. ಖಾಲಿ. ಕೊನೆಗೆ ಎರಡು ಮಳೆಯಂಗಿಗಳು ತಿರುಗಿದವು. ಒಂದು ಕುಂಟುತ್ತಿತ್ತು: ನೇಥನ್ ಅವರ ಷೂ ಅಟ್ಟೆ ಕಿತ್ತುಬಂದು ಕಾಲೆಳೆದುಕೊಂಡು ಬರುತ್ತಿದ್ದರು. ನಾನು ಬೀಗದ ಕೈ ಹಿಡಿದುಕೊಂಡು ಬೀದಿಗೆ ಓಡಿದೆ. ಬಾಗಿಲು ತೆಗೆದೆ. ಅವರನ್ನು ಒಳಗೆ ಕಳಿಸಿ, ಷೂ ಕಥೆ ಪೂರ್ತಿ ಕೇಳಿ ಮನೆಗೆ ತಿರುಗಿದೆ.

ನಮ್ಮ ಮುಂಬಾಗಿಲು ಹಾರುಹೊಡೆದಿತ್ತು. ನಮ್ಮವರೂ ಮಗಳೂ ಕಾರು ತೆಗೆದುಕೊಂಡು ಎಲ್ಲೋ ಹೋಗಿದ್ದರು. ಅಷ್ಟು ಹೊತ್ತೂ ಮನೆ ಬೀದಿಗೆ ಬಾಯಿ ತೆರೆದು ನಿಂತಿತ್ತು. ಹೊಸಲ ಮೇಲೆ ನಿಂತು "ಯಾರು?" ಎಂದೆ. ಕನ್ನಡದಲ್ಲಿ, ಜೋರಾಗಿ. ಯಾರೂ ಇಲ್ಲ. ಗಾಳಿಗೆ ಹಾರಿಬಂದ ಒಂದು ಮೇಪಲ್ ಎಲೆ, ನೆನೆದದ್ದು, ನಡುಮನೆಯವರೆಗೂ ಬಂದು ಕೂತಿತ್ತು.

ಪೊರಕೆ ಹಿಡಿದು ಮಂಚದ ಅಡಿಗಳನ್ನೆಲ್ಲ ನೋಡಿ ಬಂದೆ. ಇಲ್ಲಿ ಈ ದಿನಗಳಲ್ಲಿ ನಾಲ್ಕಕ್ಕೆಲ್ಲ ಸಂಜೆ; ದೀಪ ಹಚ್ಚಿದೆ. ಲಕ್ಷ್ಮಿ ಬರುವ ಹೊತ್ತಾಗಿತ್ತಲ್ಲ, ಬಾಗಿಲು ಹಾಗೇ ಇರಲಿ ಎಂದು ಅದರ ಪಕ್ಕದಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತೆ.